ಮೂವತ್ತು ವಾರ ಒಂದು ದಿನ

ಐದು ಲೀಟರಿನ ಕ್ಯಾನನ್ನು ಸೊಂಟಕ್ಕೆ ಆನಿಸಿಕೊಂಡು ಬಗ್ಗಿಸಿದೆ. ಸ್ಕ್ಯಾನಿಂಗಿಗೆ ಹೊಟ್ಟೆಗೆ ಹಚ್ಚುವ ಜೆಲ್ ಬೇಗ ಬೀಳುವುದಿಲ್ಲ. ಎಳೆಯಾಗಿ ಇಳಿದು ಚಿಕ್ಕ ಬಾಟಲಿಯ ತಳದಲ್ಲಿ ಸುರುಳಿ ಸುತ್ತುತ್ತದೆ. ಆತುರ ಮಾಡಿದರೆ ಗಾಳಿಗುಳ್ಳೆ ಸೇರುತ್ತದೆ. ಗುಳ್ಳೆ ಸೇರಿದರೆ ಡಾಕ್ಟರು ಬೈಯುತ್ತಾರೆ. ಎರಡು ಬಾಟಲಿ ತುಂಬಿದೆ. ಒಂದನ್ನು ಬಿಸಿನೀರಿನ ಪಾತ್ರೆಯಲ್ಲಿ ಇಳಿಬಿಟ್ಟೆ. ಇನ್ನೊಂದನ್ನು ಹಾಗೇ ಮೇಜಿನ ಮೇಲೆ ಇಟ್ಟೆ. ಬಿಸಿ ಬಾಟಲಿ ಮುಂದಿನ ಬಾಗಿಲಿನಿಂದ ಬರುವವರಿಗೆ. ತಣ್ಣನೆಯದು ಹಿಂದಿನ ಬಾಗಿಲಿನಿಂದ ಬರುವವರಿಗೆ. ಹಾಗೆಂದು ಎಲ್ಲೂ ಬರೆದು ಅಂಟಿಸಿಲ್ಲ. ನಾನು ಕೆಲಸಕ್ಕೆ ಸೇರಿದ ದಿನ ಕೌಂಟರ್ ಅಕ್ಕ ಬೆರಳು ತೋರಿಸಿ ಹೇಳಿದ್ದಳು, ಅಷ್ಟೆ.

ಹಿಂದಿನ ಬಾಗಿಲಿನವರು ಎಂದರೆ ಲಾಂಡ್ರಿಯವರು. ನಮ್ಮವರು.

ಲಾಂಡ್ರಿ ಇದೇ ಬೀದಿಯ ಕೊನೆಯಲ್ಲಿದೆ. ಆಸ್ಪತ್ರೆ, ಹೋಟೆಲುಗಳ ಹಾಸಿಗೆ ಬಟ್ಟೆಯೆಲ್ಲ ಅಲ್ಲಿಗೆ ಬರುತ್ತದೆ. ರಕ್ತ, ವಾಂತಿ, ಚೆಲ್ಲಿದ ಸಾರು, ಎಲ್ಲದರ ಸಮೇತ ಬರುತ್ತದೆ. ಬೆಳ್ಳಗಾಗಿ ಹೋಗುತ್ತದೆ. ಗಂಡಸರು ತೊಟ್ಟಿಗಳ ಕಡೆ. ಹೆಂಗಸರು ರೋಲರಿನ ಕಡೆ. ರೋಲರ್ ಎಂದರೆ ಕಾದ ಉರುಳೆ, ಒಂದು ಆಳಿಗಿಂತ ಉದ್ದ. ಒದ್ದೆ ಹಾಸುಬಟ್ಟೆಯ ಎರಡು ತುದಿಯನ್ನು ಇಬ್ಬರು ಹಿಡಿಯಬೇಕು. ಕೊಡವಬೇಕು. ಸುಕ್ಕಿಲ್ಲದಂತೆ ಅದರ ಬಾಯಿಗೆ ಕೊಡಬೇಕು. ಬಟ್ಟೆ ಒಳಗೆ ಹೋಗುತ್ತದೆ, ಹಬೆ ಮುಖಕ್ಕೆ ಬರುತ್ತದೆ. ಎಂಟು ಗಂಟೆ ಹೀಗೆ ನಿಲ್ಲಬೇಕು. ಅಲ್ಲಿ ಕೂತು ಮಾಡುವ ಕೆಲಸವಿಲ್ಲ.

ನನ್ನ ಅಮ್ಮ ಅಲ್ಲಿ ಹದಿನೆಂಟು ವರ್ಷ ನಿಂತಳು. ಅವಳ ಮೊಣಕಾಲು ಕೈಕೊಟ್ಟಾಗ ನಾನು ಏಳನೇ ಕ್ಲಾಸಿನಲ್ಲಿದ್ದೆ. ನಾವಿರುವ ಕೋಣೆ ಲಾಂಡ್ರಿಯದು. ಮನೆಯಿಂದ ಇಬ್ಬರ ಹಾಜರಿ ಇದ್ದರೆ ಕೋಣೆ ನಮ್ಮದು, ಇಲ್ಲದಿದ್ದರೆ ಇಲ್ಲ. ಅಣ್ಣ ಒಬ್ಬ. ಇನ್ನೊಬ್ಬರು ಬೇಕಿತ್ತು. ಪುಸ್ತಕ ಮಡಚಿಟ್ಟು ನಾನು ಹೋಗಿ ಅಮ್ಮನ ಜಾಗದಲ್ಲಿ ನಿಂತೆ. ಅಣ್ಣನಿಗೆ ಮದುವೆಯಾದ ಮೇಲೆ ಅತ್ತಿಗೆ ನನ್ನ ಜಾಗದಲ್ಲಿ ನಿಂತಳು. ನಾನು ಈ ಸ್ಕ್ಯಾನಿಂಗ್ ಸೆಂಟರಿಗೆ ಬಂದೆ. ಜಾಗ ಖಾಲಿ ಬಿಡುವ ಹಾಗಿರಲಿಲ್ಲ, ಬಿಡಲಿಲ್ಲ.

"ಏನೇ ಮೂಗಿ, ಇವತ್ತೂ ಬಾಯಿ ಮನೇಲೇ ಬಿಟ್ಟು ಬಂದ್ಯಾ?" ಎಂದಳು ಕೌಂಟರ್ ಅಕ್ಕ, ಕೈಚೀಲ ಇಡುತ್ತಾ. ದಿನಾ ಕೇಳುವ ಮಾತು. ನಾನು ತಲೆಯಾಡಿಸಿದೆ. ಹಳೆಯ ಹಾಸುಬಟ್ಟೆ ಹರಿದು ಹೊಟ್ಟೆ ಒರೆಸುವ ತುಂಡು ಮಾಡುತ್ತಾ ಕೂತೆ.

ನನ್ನ ಕೆಲಸ ಒರೆಸುವುದು ಮಾತ್ರ ಅಲ್ಲ. ನನ್ನ ಅಕ್ಷರ ದುಂಡಗಿದೆ. ಮುಂದಿನವರ ರಿಪೋರ್ಟು ಕಂಪ್ಯೂಟರಿನಲ್ಲಿ ಬರುತ್ತದೆ. ಎರಡು ಪುಟ, ಜೊತೆಗೆ ಫೋಟೋ. ಕೆಳಗೆ 'ಅಭಿಪ್ರಾಯ' ಎಂದು ಇರುತ್ತದೆ, ಅಲ್ಲಿ ಡಾಕ್ಟರು ಏನೇನೋ ಬರೆಯುತ್ತಾರೆ. ಲಾಂಡ್ರಿಯವರಿಗೆ ಒಂದು ಅಚ್ಚು ಹಾಕಿಸಿದ ಹಾಳೆ. ಮಗುವಿನ ತಲೆ, ಹೊಟ್ಟೆ, ತೊಡೆಮೂಳೆ, ವಾರ. ನಾಲ್ಕು ಚೌಕ. ಡಾಕ್ಟರು ಮಿಷನ್ ನೋಡಿ ಹೇಳುತ್ತಾರೆ, ನಾನು ತುಂಬುತ್ತೇನೆ, ಅವರು ಸಹಿ ಹಾಕುತ್ತಾರೆ. ಆ ನಾಲ್ಕನೆಯ ಚೌಕದಲ್ಲಿ ಮೂವತ್ತನಾಲ್ಕು ಎಂದು ಬಂದರೆ ಹೆಂಗಸಿಗೆ ಹೆರಿಗೆ ರಜೆ. ಮೂವತ್ತಮೂರು ಎಂದು ಬಂದರೂ ರೋಲರ್. ಹೇಳದೆ ಮೂರು ದಿನ ತಪ್ಪಿಸಿದರೆ ಹೆಸರಿಗೆ ಗೀಟು.

ಲಾಂಡ್ರಿ ಒಬ್ಬೊಬ್ಬಳನ್ನು ಒಂದೇ ಸಲ ಇಲ್ಲಿಗೆ ಕಳಿಸುತ್ತದೆ. ಹೊಟ್ಟೆ ಎದ್ದು ಕಂಡು, ಕಾಲು ಊದಿ, ಅವಳೇ ರಜೆ ಕೇಳಿದಾಗ. ಆಗ ಮಗುವನ್ನು ಅಳೆದು, ಇಷ್ಟುದ್ದ ಇದೆ, ಆದ್ದರಿಂದ ಇಷ್ಟು ವಾರ ಎನ್ನುತ್ತಾರೆ. ನಾನು ಸೇರಿ ಎರಡು ವರ್ಷವಾಯಿತು. ಮೂವತ್ತನಾಲ್ಕು ಬಂದ ಲಾಂಡ್ರಿಯವಳನ್ನು ನಾನು ಮೂರೇ ಸಲ ನೋಡಿದ್ದೇನೆ. ಉಳಿದವರೆಲ್ಲ ತಿಂಗಳ ಲೆಕ್ಕ ತಪ್ಪಿದವರೇ, ಡಾಕ್ಟರ ಪ್ರಕಾರ.

"ಕೊನೇ ಮುಟ್ಟಿನ ತಾರೀಖು ಹೇಳಮ್ಮ" ಎಂದು ಕೇಳುತ್ತಾರೆ. ನಮ್ಮವರಿಗೆ ತಾರೀಖು ಗೊತ್ತಿರುವುದಿಲ್ಲ. ಬಾಯ್ಲರ್ ಕೆಟ್ಟ ವಾರ ಎನ್ನುತ್ತಾರೆ. ಹಸಿರು ಟವೆಲ್ಲಿನ ದೊಡ್ಡ ಆರ್ಡರ್ ಬಂದಿತ್ತಲ್ಲ, ಅದರ ಮರುದಿನ ಎನ್ನುತ್ತಾರೆ. ಅದು ಸುಳ್ಳಲ್ಲ. ಬಾಯ್ಲರ್ ಕೆಟ್ಟ ವಾರ ಲಾಂಡ್ರಿಯ ಯಾರನ್ನು ಕೇಳಿದರೂ ಹೇಳುತ್ತಾರೆ. ಡಾಕ್ಟರು ನಗುತ್ತಾರೆ. "ಬಾಯ್ಲರ್ ನೋಡ್ಕೊಂಡು ಹೆರ್ತಾರಪ್ಪ ಇವರು."

ಅತ್ತಿಗೆಯದು ಹಾಗಲ್ಲ. ಅವಳ ವಾರ ನನಗೆ ಗೊತ್ತಿತ್ತು.

ಒಂದು ಸೋಮವಾರ ಲಾಂಡ್ರಿಯ ಅಂಗಳಕ್ಕೆ ಒಂದು ವ್ಯಾನ್ ಬಂದಿತ್ತು. ಉಚಿತ ತಪಾಸಣೆ ಎಂದು ಬರೆದ ಬಟ್ಟೆ ಕಟ್ಟಿದ್ದರು. ಅತ್ತಿಗೆಗೆ ಆಗ ವಾಂತಿ. ಸಂಕೋಚಕ್ಕೆ ಒಬ್ಬಳೇ ಹೋಗಲಿಲ್ಲ, ನನ್ನನ್ನು ಎಳೆದುಕೊಂಡು ಹೋದಳು. ವ್ಯಾನಿನಲ್ಲಿ ಒಬ್ಬ ಲೇಡಿ ಡಾಕ್ಟರಿದ್ದರು, ನನಗಿಂತ ನಾಲ್ಕೈದು ವರ್ಷ ದೊಡ್ಡವರಿರಬೇಕು. ಪರದೆಯನ್ನು ನಮ್ಮ ಕಡೆ ತಿರುಗಿಸಿದರು. ಹುರಿದ ಕಡಲೆಬೀಜದಂಥ ಒಂದು ಚೂರು. ನಡುವೆ ಏನೋ ಪಟಪಟ ಎನ್ನುತ್ತಿತ್ತು.

"ನೋಡಿ, ತಲೆಯಿಂದ ಕುಂಡೆವರೆಗೆ ಇಷ್ಟೇ ಇದೆ. ಒಂಬತ್ತು ವಾರ ಎರಡು ದಿನ. ಈಗ ಎಲ್ಲರ ಮಗೂನೂ ಒಂದೇ ಅಳತೆ. ಲಾಂಡ್ರಿಯವರದ್ದಾದ್ರೂ ಅಷ್ಟೇ, ಲಾಂಡ್ರಿ ಯಜಮಾನರದ್ದಾದ್ರೂ ಅಷ್ಟೇ. ಆಮೇಲಾಮೇಲೆ ಹೊಟ್ಟೆಗೆ ಬಿದ್ದಷ್ಟು ಬೇರೆಬೇರೆ ಬೆಳೀತವೆ. ಅದಕ್ಕೇ ಈಗ ಅಳೆದಿದ್ದೇ ನಿಜವಾದ ವಯಸ್ಸು. ಈ ಚೀಟಿ ಜೋಪಾನ."

ಚೀಟಿ ನುಣುಪಾಗಿತ್ತು. ಮಿಷನ್ನಿನಿಂದ ಬೆಚ್ಚಗೆ ಹೊರಗೆ ಬಂದಿತ್ತು.

ಜೋಪಾನ ಎಂದರೆ ನಮ್ಮ ಮನೆಯಲ್ಲಿ ಒಂದೇ ಅರ್ಥ. ಲ್ಯಾಮಿನೇಷನ್. ನಮ್ಮದು ಒದ್ದೆ ಕೈಗಳ ಮನೆ. ಕಾಗದ ಉಳಿಯುವುದಿಲ್ಲ. ಹಾಗಾಗಿ ಅಣ್ಣ ಸಿಕ್ಕಿದ್ದಕ್ಕೆಲ್ಲ ಪ್ಲಾಸ್ಟಿಕ್ ಹಾಕಿಸುತ್ತಾನೆ. ಕೋಣೆಯ ಚೀಟಿ, ಅವನ ಹಾಜರಿ ಕಾರ್ಡು, ಅಮ್ಮನ ಮೊಣಕಾಲಿನ ಔಷಧಿ ಚೀಟಿ. ನನ್ನ ಆರನೇ ಕ್ಲಾಸಿನ ಅಂಕಪಟ್ಟಿ ಕೂಡ. ಮಗುವಿನ ಚೀಟಿ ನೋಡಿದವನೇ ಅಂಗಿ ಹಾಕಿಕೊಂಡು ಹೊರಟ. ಝೆರಾಕ್ಸ್ ಅಂಗಡಿಯವನು ಬೇಡ ಎನ್ನಲಿಲ್ಲ. ಚೀಟಿ ಬಿಸಿ ಮಿಷನ್ನಿಗೆ ಬೆಳ್ಳಗೆ ಹೋಯಿತು, ಕಪ್ಪಗೆ ಬಂತು. ಆ ಕಾಗದಕ್ಕೆ ಬಿಸಿ ತಾಗಬಾರದು ಎಂದು ನಮಗೆ ಯಾರು ಹೇಳಿದ್ದರು?

ಅಣ್ಣ ಅದನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಬಂದ. ಹೊಳೆಯುವ ಕರಿ ಹಾಳೆ. ತುದಿಗಳನ್ನು ದುಂಡಗೆ ಕತ್ತರಿಸಿಕೊಂಡೂ ಬಂದಿದ್ದ.

ಅತ್ತಿಗೆ ಬಾಯಿಗೆ ಸೆರಗು ಒತ್ತಿ ನಕ್ಕಳು. "ಇರ್ಲಿ ಬಿಡ್ರೀ. ಹೊಟ್ಟೆ ಒಳಗೂ ಹಿಂಗೇ ಕತ್ತಲೆ ತಾನೆ? ಫೋಟೋ ಸರಿಯಾಗೇ ಬಂದಿದೆ."

ಎಲ್ಲರೂ ನಕ್ಕೆವು. ಅಂದು ಅದು ನಗುವ ಮಾತೇ ಆಗಿತ್ತು.

ಎರಡು ತಿಂಗಳ ಕೆಳಗೆ ನಗು ನಿಂತಿತು. ನಮ್ಮ ಎದುರು ಕೋಣೆಯವಳು ರೋಲರಿನ ಹತ್ತಿರ ನಿಂತಲ್ಲೇ ಕುಸಿದಳು. ಬಟ್ಟೆ ತುಂಬುವ ಗಾಡಿಯಲ್ಲಿ ಮಲಗಿಸಿ ಕೋಣೆಗೆ ತಂದರು. ಕೂಸು ಉಸಿರಿಲ್ಲದೆ ಬಂತು. ಏಳು ತಿಂಗಳದ್ದು, ಉಳಿಯೋದಲ್ಲ ಬಿಡಿ, ಎಂದರು ಲಾಂಡ್ರಿ ಆಫೀಸಿನವರು. ಅಮ್ಮ ಆ ಕೂಸನ್ನು ತೊಳೆದಳು. ತೊಳೆಯುತ್ತಾ ತೊಳೆಯುತ್ತಾ ಅವಳ ಕೈ ನಿಂತಿತು. ಅದರ ಕೈಯನ್ನು ನನ್ನ ಅಂಗೈ ಮೇಲೆ ಇಟ್ಟಳು.

"ಉಗುರು ನೋಡೇ. ಬೆರಳು ದಾಟಿ ಬೆಳೆದಿದೆ. ಏಳು ತಿಂಗಳ ಕೂಸಿಗೆ ಇಷ್ಟುದ್ದ ಉಗುರು ಇರುತ್ತೇನೇ? ಇದು ದಿನ ತುಂಬಿದ್ದು. ಹೊಟ್ಟೆಗಿಲ್ಲದೆ ಬತ್ತಿದೆ ಅಷ್ಟೇ."

ಅದಕ್ಕೆ ಎರಡು ವಾರ ಮೊದಲು ಅವಳ ಹಾಳೆ ತುಂಬಿದವಳು ನಾನು. ಇಪ್ಪತ್ತೊಂಬತ್ತು ಎಂದು ಬರೆದಿದ್ದೆ. ದುಂಡಗೆ ಬರೆದಿದ್ದೆ. ಅಮ್ಮನಿಗೆ ಹೇಳಲಿಲ್ಲ. ಯಾರಿಗೂ ಹೇಳಲಿಲ್ಲ. ಇಲ್ಲಿ ಮೊದಲ ಸಲ ಹೇಳುತ್ತಿದ್ದೇನೆ.

ಈ ಸೋಮವಾರ ಬೆಳಿಗ್ಗೆ ನಾನು ಬಾಟಲಿ ತುಂಬಿಟ್ಟ ಮೇಲೆ ಮುಂದಿನ ಬಾಗಿಲಿನಿಂದ ಒಬ್ಬ ಹೆಂಗಸು ಬಂದರು. ಜೊತೆಗೆ ಅವರ ತಾಯಿ. ಮಂಚದ ಮೇಲೆ ಹತ್ತಿಸಿದೆ. ಬಿಸಿ ಜೆಲ್ ಹಾಕಿದೆ. "ಹಾಯಾಗಿದೆ" ಎಂದರು. ಡಾಕ್ಟರು ತಲೆ ಅಳೆದರು, ಹೊಟ್ಟೆ ಅಳೆದರು. ತೊಡೆಮೂಳೆ ಪರದೆಯ ಮೇಲೆ ಬೆಳ್ಳಗೆ, ಬೆಂಕಿಕಡ್ಡಿಯ ಹಾಗೆ ಕಾಣುತ್ತದೆ. ಅದರ ಎರಡು ತುದಿಗೂ ಚುಕ್ಕೆ ಇಟ್ಟರು. ಮೂಲೆಯಲ್ಲಿ ಮೂವತ್ತು ವಾರ ಎಂದು ಬಂತು. ನಾನು ಪರದೆ ಓದುವುದನ್ನು ಕಲಿತಿದ್ದೇನೆ. ಅದು ಇವರಿಗೆ ಗೊತ್ತಿಲ್ಲ. ಗೋಡೆ ಹತ್ತಿರ ಬಟ್ಟೆ ಹಿಡಿದು ನಿಂತವಳು ಏನು ಓದುತ್ತಾಳೆ ಎಂದು ಯಾರು ನೋಡುತ್ತಾರೆ?

"ಮೂವತ್ತೇ?" ಎಂದರು ಆ ಹೆಂಗಸು. "ನನಗೆ ಮೂವತ್ತಮೂರು ಆಗಿದೆಯಲ್ಲ ಡಾಕ್ಟರ್?"

ಡಾಕ್ಟರು ಕುರ್ಚಿ ತಿರುಗಿಸಿ ಕೂತರು. ಅವರ ಧ್ವನಿ ಎಷ್ಟು ಮೆತ್ತಗಾಯಿತೆಂದರೆ ಬೇರೆ ಯಾರೋ ಮಾತಾಡುತ್ತಿದ್ದಾರೆ ಅನ್ನಿಸಿತು. "ನಿಮಗೆ ಮೂವತ್ತಮೂರೇ ಅಮ್ಮ. ವಯಸ್ಸು ಮೊದಲ ಸ್ಕ್ಯಾನಲ್ಲೇ ತೀರ್ಮಾನ ಆಯ್ತು, ಅದನ್ನ ಈಗ ಯಾರೂ ಬದಲಾಯಿಸೋ ಹಾಗಿಲ್ಲ. ಇಷ್ಟು ತಿಂಗಳಾದ ಮೇಲೆ ಅಳೆದರೆ ಸಿಗೋದು ಮಗುವಿನ ಗಾತ್ರ, ವಯಸ್ಸಲ್ಲ. ತಲೆ ಪರವಾಗಿಲ್ಲ. ಹೊಟ್ಟೆ ಹಿಂದೆ ಬಿದ್ದಿದೆ. ಅಂದ್ರೆ ಮಗುಗೆ ಒಳಗೆ ಊಟ ಸಾಲ್ತಿಲ್ಲ. ಗಾಬರಿ ಬೇಡ. ಓಡಾಟ ನಿಲ್ಲಿಸಿ, ಪೂರ್ತಿ ರೆಸ್ಟ್. ವಾರಕ್ಕೆರಡು ಸಲ ಬನ್ನಿ. ಬೇಕಾದ್ರೆ ಬೇಗ ಹೆರಿಗೆ ಮಾಡಿಸೋಣ. ಎಲ್ಲಾ ಬರೆದು ಕೊಡ್ತೀನಿ."

ಆ ಹೆಂಗಸು ಅತ್ತರು. ನಾನು ಅವರ ಹೊಟ್ಟೆ ಒರೆಸಿದೆ. ಅವರ ಮೇಲೆ ನನಗೆ ಸಿಟ್ಟಿಲ್ಲ. ಆ ಮಗು ಬದುಕಲಿ.

ಆದರೆ ಎರಡು ವರ್ಷ ನಾನು ತುಂಬಿದ ಹಾಳೆಗಳೆಲ್ಲ ಕಣ್ಣ ಮುಂದೆ ಬಂದವು. ಇವರಿಗೆ ಇದು ಗೊತ್ತಿತ್ತು. ಸಣ್ಣ ಮಗು ಬೇರೆ, ಎಳೆ ಮಗು ಬೇರೆ ಎಂದು ಮೊದಲಿನಿಂದಲೂ ಗೊತ್ತಿತ್ತು. ಮುಂದಿನ ಬಾಗಿಲಿನಿಂದ ಬಂದರೆ ಮಗು ಸಣ್ಣದು. ಹಿಂದಿನ ಬಾಗಿಲಿನಿಂದ ಬಂದರೆ ಮಗು ಎಳೆಯದು. ಅದೇ ಮಿಷನ್, ಅದೇ ಅಳತೆ. ಒಬ್ಬಳಿಗೆ ಹಾಸಿಗೆ, ಒಬ್ಬಳಿಗೆ ರೋಲರ್.

ಹನ್ನೊಂದು ಗಂಟೆಗೆ ಅತ್ತಿಗೆ ಬಂದಳು. ಹಿಂದಿನ ಮೆಟ್ಟಿಲ ಮೇಲೆ ಅವಳಿಗಿಂತ ಮೊದಲು ಅವಳ ಸೋಪಿನ ವಾಸನೆ ಬಂತು. ತೋಳಿನವರೆಗೆ ಒದ್ದೆ. ಊದಿದ ಕಾಲಿಗೆ ಅಣ್ಣನ ಚಪ್ಪಲಿ.

"ಏನ್ ಪುಟ್ಟಿ, ನಿನ್ ಆಫೀಸಲ್ಲಿ ನನಗೆ ಸ್ಪೆಷಲ್ ಮರ್ಯಾದೆ ಇದೆಯಾ?" ಎಂದು ಪಿಸುಗುಟ್ಟಿದಳು. ಅವಳು ಹಾಗೇ, ಉಸಿರು ಸಿಕ್ಕಿದರೆ ಸಾಕು, ತಮಾಷೆ.

"ಒದೀತಿದೆಯಾ?" ಎಂದೆ.

ನಗು ಇಳಿಯಿತು. "ನಿನ್ನೆಯಿಂದ ಕಮ್ಮಿ. ಬೆಳಿಗ್ಗೆ ಒಂದು ಸಲ. ಅದೂ ಒದ್ದ ಹಾಗಲ್ಲ, ಮಗ್ಗಲು ಬದಲಾಯಿಸಿದ ಹಾಗೆ."

ನಾನು ಬಿಸಿ ಬಾಟಲಿ ತಗೊಂಡೆ. ಕೌಂಟರ್ ಅಕ್ಕ ಬಾಗಿಲಿನಿಂದ ನೋಡಿದಳು. ನೋಡಿಕೊಳ್ಳಲಿ ಎಂದುಕೊಂಡೆ.

ಡಾಕ್ಟರು ಬಂದವರೇ ಕೇಳಿದರು, "ಕೊನೇ ಮುಟ್ಟು?"

"ಬಾಯ್ಲರ್ ಕೆಟ್ಟಿತ್ತಲ್ಲ ಸಾರ್, ಅದರ ಹಿಂದಿನ ವಾರ."

"ಶುರುವಾಯ್ತು" ಎಂದು ನಕ್ಕು ಮಿಷನ್ನಿನ ಹಿಡಿಯನ್ನು ಹೊಟ್ಟೆಗೆ ಒತ್ತಿದರು. ಗಟ್ಟಿಯಾಗಿ ಒತ್ತಿದರು. ಅತ್ತಿಗೆ ಮಂಚದ ಅಂಚು ಹಿಡಿದಳು. ಎದೆಬಡಿತ ಕಂಡಿತು. ನಾನು ಉಸಿರು ಬಿಟ್ಟೆ.

"ಬರ್ಕೋ. ತಲೆ, ಮೂವತ್ತೊಂದು ವಾರ ನಾಲ್ಕು ದಿನ."

ಬರೆದೆ.

"ಹೊಟ್ಟೆ, ಇಪ್ಪತ್ತೆಂಟು ವಾರ ನಾಲ್ಕು."

ಬರೆದೆ. ತಲೆ ಮುಂದೆ, ಹೊಟ್ಟೆ ಹಿಂದೆ. ಬೆಳಿಗ್ಗೆ ಇದೇ ಕೋಣೆಯಲ್ಲಿ ಕೇಳಿದ ಮಾತು ಕಿವಿಯಲ್ಲೇ ಇತ್ತು.

"ತೊಡೆಮೂಳೆ, ಮೂವತ್ತು ಎರಡು."

ಬರೆದೆ.

ಮಿಷನ್ ಮೂರನ್ನೂ ಕೂಡಿ ಮೂರರಿಂದ ಭಾಗಿಸುತ್ತದೆ. ಮೂಲೆಯಲ್ಲಿ ಬಂದದ್ದನ್ನು ಡಾಕ್ಟರು ಓದಿದರು. "ಮೂವತ್ತು ವಾರ ಒಂದು ದಿನ. ಎಲ್ಲಾ ಸರಿಯಾಗಿದೆ. ಮಗು ಸುತ್ತ ನೀರು ಸ್ವಲ್ಪ ಕಮ್ಮಿ, ನೀರು ಕುಡಿ. ಏಳಮ್ಮ."

ನಾನು ಬರೆಯಲಿಲ್ಲ. ಪೆನ್ನನ್ನು ಹಾಳೆಯ ಮೇಲೆ ಅಡ್ಡ ಇಟ್ಟೆ. ಮೇಜಿನಿಂದ ಕೈ ತೆಗೆದೆ.

"ಬರ್ಕೊಂಡ್ಯಾ?"

"ಇಲ್ಲ."

ಆ ಕೋಣೆಯಲ್ಲಿ ಡಾಕ್ಟರಿಗೆ ನಾನು ಆಡಿದ ಮೊದಲ ಮಾತು ಅದು. ಅವರಿಗೆ ಕೇಳಿಸಲಿಲ್ಲವೋ ಏನೋ. ತಿರುಗಿ ನೋಡಿದರು.

"ಏನು?"

"ಬರೆಯಲ್ಲ ಸಾರ್. ಇವಳಿಗೆ ಮೂವತ್ತನಾಲ್ಕು ವಾರ ಎರಡು ದಿನ. ವ್ಯಾನಲ್ಲಿ ಒಂಬತ್ತು ವಾರ ಎರಡು ದಿನ ಅಂದ್ರು. ಇವತ್ತಿಗೆ ಇಪ್ಪತ್ತೈದು ಸೋಮವಾರ ಆಯ್ತು."

ಮಾತು ತೊದಲಿತು. ಆದರೂ ಬಂತು.

ಡಾಕ್ಟರು ಸಿಟ್ಟಾಗಲಿಲ್ಲ. ನಕ್ಕರು. ಅದು ಸಿಟ್ಟಿಗಿಂತ ಕಷ್ಟ. "ಓಹೋ, ಮೂಗಿಗೆ ಬಾಯಿ ಬಂತು. ಎಲ್ಲಿ ಆ ವ್ಯಾನಿನ ರಿಪೋರ್ಟು?"

ಅತ್ತಿಗೆ ಮಂಚದ ಮೇಲೆ ಅರ್ಧ ಎದ್ದು ಕೂತಿದ್ದಳು. ಹೊಟ್ಟೆಯ ಮೇಲೆ ಜೆಲ್ ಹಾಗೇ ಇತ್ತು. ಅವಳು ಚೀಲದಿಂದ ಕರಿ ಹಾಳೆ ತೆಗೆದು ಕೊಟ್ಟಳು. ಡಾಕ್ಟರು ಅದನ್ನು ಬೆಳಕಿಗೆ ಹಿಡಿದರು. ಅದರಲ್ಲಿ ಅವರ ಮುಖವೇ ಕಂಡಿತು.

"ಇದೇನು, ಕನ್ನಡಿನಾ?"

ಕೌಂಟರ್ ಅಕ್ಕ ಬಾಗಿಲಲ್ಲಿ ಕಿಸಕ್ಕೆಂದಳು. "ಲ್ಯಾಮಿನೇಷನ್ ಮಾಡ್ಸಿದಾರೆ ಸಾರ್! ಅಯ್ಯೋ ದೇವ್ರೇ, ಮಗೂನೂ ಲ್ಯಾಮಿನೇಷನ್ ಮಾಡ್ಸಿಬಿಡ್ತಾರೆ ಇವರು."

"ಬೆಳಿಗ್ಗೆ ಒಬ್ಬರು ಅಮ್ಮ ಬಂದಿದ್ರಲ್ಲ ಸಾರ್" ಎಂದೆ. "ಅವರಿಗೂ ಮಿಷನ್ ಮೂವತ್ತೇ ಹೇಳ್ತು. ನೀವು ಮಗು ಸಣ್ಣದು ಅಂದ್ರಿ. ಈಗ ಅಳೆದರೆ ವಯಸ್ಸು ಗೊತ್ತಾಗಲ್ಲ, ಗಾತ್ರ ಗೊತ್ತಾಗೋದು ಅಂದ್ರಿ. ಇವಳದ್ದೂ ಹೊಟ್ಟೆ ಹಿಂದೆ ಬಿದ್ದಿದೆ. ನಾನೇ ಈಗ ಬರೆದೆ."

ಈಗ ಅವರ ನಗು ಹೋಯಿತು. "ಅವರ ಹತ್ರ ಮೊದಲನೇ ರಿಪೋರ್ಟ್ ಇದೆ. ನಿಮ್ಮ ಹತ್ರ ಏನಿದೆ? ಬಾಯ್ಲರ್ ಇದೆ, ಕರಿ ಕಾಗದ ಇದೆ. ಹೆಚ್ಚು ಬರೆದು ಕೊಟ್ರೆ ಲಾಂಡ್ರಿ ಯಜಮಾನರು ಬೇರೆ ಸೆಂಟರ್ ನೋಡ್ಕೋತಾರೆ. ಹೋದ ವರ್ಷ ಹಾಗೇ ಹೆದರಿಸಿದ್ರು. ಆಗ ನಿನ್ ಕೆಲಸಾನೂ ಇರಲ್ಲ. ಮಿಷನ್ ಏನು ಹೇಳುತ್ತೋ ಅದು. ನಾನು ಸುಳ್ಳು ಬರೀತಿಲ್ಲವಲ್ಲ?"

ಮಿಷನ್ ಸುಳ್ಳು ಹೇಳಿರಲಿಲ್ಲ. ಮೂರು ಅಳತೆಯೂ ನಿಜ. ಅವನ್ನು ವಯಸ್ಸು ಎಂದು ಕರೆದದ್ದು ಮಾತ್ರ ಸುಳ್ಳು. ಈಗ ಕೂತು ಬರೆಯುವಾಗ ಸಲೀಸಾಗಿ ಹೊಳೆಯುತ್ತಿದೆ. ಆಗ ಹೊಳೆಯಲಿಲ್ಲ.

ಡಾಕ್ಟರು ನನ್ನ ಪೆನ್ನು ತಗೊಂಡು ನಾಲ್ಕನೆಯ ಚೌಕದಲ್ಲಿ ತಾವೇ ಬರೆದರು. ಸಹಿ ಹಾಕಿದರು. ಅಷ್ಟೆ. ನಾನು ಬರೆಯದೆ ಹೋದದ್ದರಿಂದ ಅವರಿಗೆ ಅರ್ಧ ನಿಮಿಷ ತಡವಾಯಿತು.

"ಸುಮ್ನಿರು ಪುಟ್ಟಿ" ಎಂದಳು ಅತ್ತಿಗೆ, ನನ್ನ ಕೈ ಹಿಡಿದು. ಅವಳ ಕಣ್ಣಲ್ಲಿ ನೀರಿತ್ತು. "ನಿನ್ ಕೆಲಸನೂ ಹೋದ್ರೆ ಅತ್ತೆ ಔಷಧಿಗೆ ಏನ್ ಮಾಡೋಣ? ಮಗು ಎದೆ ಹೊಡ್ಕೋತಿದೆಯಲ್ಲ, ಸಾಕು. ಒರೆಸು, ಚಳಿ ಆಗ್ತಿದೆ."

ಒರೆಸಿದೆ.

ಹಾಳೆಯನ್ನು ಲಾಂಡ್ರಿಗೆ ಮುಟ್ಟಿಸುವುದೂ ನನ್ನ ಕೆಲಸವೇ. ಅತ್ತಿಗೆಯ ಜೊತೆ ನಡೆದೆ. ಬೀದಿಯ ಉದ್ದಕ್ಕೂ ನಾನು ಲೆಕ್ಕ ಹಾಕುತ್ತಿದ್ದೆ. ಈ ಹಾಳೆ ಬರೀ ರಜೆ ತಪ್ಪಿಸುವುದಿಲ್ಲ. ದೊಡ್ಡಾಸ್ಪತ್ರೆಗೆ ಓಡಿದರೂ ಮೊದಲು ಇದನ್ನೇ ಕೇಳುತ್ತಾರೆ. ಮೂವತ್ತು ವಾರ ಎಂದು ಓದುತ್ತಾರೆ. ಅಳೆಯುತ್ತಾರೆ. ಮೂವತ್ತು ವಾರಕ್ಕೆ ಸರಿಯಾಗೇ ಇದೆಯಲ್ಲಮ್ಮ ಮಗು, ಮನೆಗೆ ಹೋಗು ಎನ್ನುತ್ತಾರೆ. ವಯಸ್ಸು ಇಳಿಸಿದರೆ ಕಾಯಿಲೆಯೇ ಇಲ್ಲ. ಎದುರು ಕೋಣೆಯವಳ ಕೂಸಿಗೂ ಯಾವ ಕಾಯಿಲೆಯೂ ಇರಲಿಲ್ಲ, ಹಾಳೆಯ ಪ್ರಕಾರ.

ರೋಲರ್ ಹಾಲಿನ ಮೇಲ್ವಿಚಾರಕಿಯನ್ನು ಎಲ್ಲರೂ ಗಂಟೆಯಮ್ಮ ಅನ್ನುತ್ತಾರೆ. ಪಾಳಿಯ ಗಂಟೆ ಹೊಡೆಯುವವಳು ಅವಳೇ. ಹಾಳೆ ಓದಿ ಮಡಚಿ ಹಾಜರಿ ಪುಸ್ತಕದೊಳಗೆ ಇಟ್ಟಳು.

"ಮೂವತ್ತು. ಇನ್ನೂ ನಾಲ್ಕು ವಾರ ಇದೆ. ಹೋಗು, ನಿನ್ ಜೊತೆಯವಳು ಒಬ್ಬಳೇ ಹಿಡ್ಕೊಂಡು ಸಾಯ್ತಿದಾಳೆ."

"ಗಂಟೆಯಮ್ಮ" ಎಂದೆ. ಎದುರಿಗೆ ಯಾರೂ ಹಾಗೆ ಕರೆಯುವುದಿಲ್ಲ. ಬಾಯಿ ತಪ್ಪಿ ಬಂತು. ಹತ್ತಿರದ ಇಬ್ಬರು ಬಟ್ಟೆಯ ಹಿಂದೆ ಮುಖ ಮರೆಸಿಕೊಂಡರು. "ಅವಳ ಬದಲು ನಾನು ನಿಲ್ತೀನಿ. ನಾನು ನಿಂತು ಗೊತ್ತಿರೋ ಜಾಗನೇ ಇದು."

"ಹೊಸ ಹೆಸರು ತಗೊಳ್ಳೋದು ನಿಲ್ಸಿದಾರೆ. ಅವಳ ಹೆಸರು ತೆಗೆದರೆ ತೆಗೆದದ್ದೇ, ನಿನ್ನದು ಹಾಕೋಕೆ ಆಗಲ್ಲ. ಆಮೇಲೆ ಕೋಣೆ ಹೋಯ್ತು ಅಂತ ನನ್ನ ಹತ್ರ ಅಳ್ತಾ ಬರ್ಬೇಡಿ."

"ಮಗು ಒದೀತಿಲ್ಲ."

ಗಂಟೆಯಮ್ಮ ಒಂದು ಗಳಿಗೆ ಅತ್ತಿಗೆಯ ಹೊಟ್ಟೆ ನೋಡಿದಳು. ಕಲ್ಲುಮನಸ್ಸಿನವಳು ಎಂದು ನಾನು ಹೇಳಲಾರೆ. ಅವಳ ಮುಂಗೈ ತುಂಬ ರೋಲರಿನ ಬರೆಗಳಿದ್ದವು, ಅಮ್ಮನ ಕೈಯಲ್ಲಿರುವಂಥವೇ. "ನಾನೂ ಇಲ್ಲೇ ನಿಂತು ಹೆತ್ತೋಳು ಕಣೇ. ನನ್ನ ಕೈಲಿ ಏನಿದೆ? ಕಾಗದದಲ್ಲಿ ಏನಿದೆಯೋ ಅದು. ಕಾಗದದಲ್ಲಿ ಒಂದು ಮಾತು, ಮಗು ಸಣ್ಣದು ಅಂತಲೋ, ನೀರು ಕಮ್ಮಿ ಅಂತಲೋ ಬರೆದಿದ್ರೆ ನಾನು ಮೇಲಿನವರಿಗೆ ತೋರಿಸ್ಬಹುದಿತ್ತು. ಇಲ್ಲಿ ಎಲ್ಲಾ ಸರಿ ಇದೆ. ನಾನೇನು ತೋರಿಸ್ಲಿ, ನಿನ್ ಮುಖ ತೋರಿಸ್ಲಾ?"

ಅತ್ತಿಗೆ ಆಗಲೇ ಹೋಗಿ ನಿಂತಿದ್ದಳು. ಒದ್ದೆ ಹಾಸುಬಟ್ಟೆಯ ತುದಿ ಹಿಡಿದು ಕೊಡವಿದಳು. ಹೊಟ್ಟೆ ಅಡ್ಡ ಬರುವುದರಿಂದ ತೋಳನ್ನು ಇನ್ನೂ ಉದ್ದಕ್ಕೆ ಚಾಚಬೇಕು. ಚಾಚಿದಳು. ಬಟ್ಟೆ ಒಳಗೆ ಹೋಯಿತು. ಹಬೆ ಬಂತು. ಮುಖ ಕಾಣಲಿಲ್ಲ.

ಅಲ್ಲಿಂದ ಓಡಿದೆ. ಬೀದಿಯಲ್ಲಿ ನಾನು ಎಂದೂ ಓಡಿದವಳಲ್ಲ. ಹಿಂದಿನ ಬಾಗಿಲಿಗೆ ಮಧ್ಯಾಹ್ನ ಬೀಗ ಹಾಕುತ್ತಾರೆ. ಮುಂದಿನಿಂದಲೇ ಒಳಗೆ ಹೋದೆ. ಹಾಲಿನಲ್ಲಿ ನಾಲ್ಕೈದು ಜನ ಕೂತಿದ್ದರು. ಡಾಕ್ಟರು ಕೈಯಲ್ಲಿ ಕಾರಿನ ಬೀಗದಕೈ ಹಿಡಿದು ಕೌಂಟರಿಗೆ ಒರಗಿದ್ದರು. ಇನ್ನು ಗುರುವಾರದವರೆಗೆ ಅವರು ಬರುವುದಿಲ್ಲ. ಕೌಂಟರ್ ಅಕ್ಕ ಏನೋ ಹೇಳಿ ನಗಿಸುತ್ತಿದ್ದಳು. ನನ್ನ ಕಾಲು ಒದ್ದೆಯಾಗಿತ್ತು. ಒರೆಸಿದ ನೆಲದ ಮೇಲೆ ಹೆಜ್ಜೆ ಮೂಡಿತು.

"ಏಯ್, ಎಲ್ಲಿಂದ ಬಂದೆ?" ಎಂದಳು ಕೌಂಟರ್ ಅಕ್ಕ.

ಖಾಲಿ ಹಾಳೆಯೊಂದನ್ನು ಕಟ್ಟಿನಿಂದ ಎಳೆದುಕೊಂಡೆ. ಡಾಕ್ಟರ ಮುಂದೆ ಇಟ್ಟೆ.

"ಸಾರ್, ವಾರ ನೀವು ಹೇಳಿದಷ್ಟೇ ಇರ್ಲಿ. ಮೂವತ್ತೇ ಇರ್ಲಿ, ಬದಲಾಯಿಸ್ಬೇಡಿ. ಕೆಳಗೆ ಒಂದು ಸಾಲು ಬರೀರಿ."

ಡಾಕ್ಟರು ಗಡಿಯಾರ ನೋಡಿದರು. ಹಾಲಿನಲ್ಲಿ ಕೂತಿದ್ದವರು ನನ್ನ ಕಾಲು ನೋಡಿದರು. ಕೌಂಟರ್ ಅಕ್ಕ ನನ್ನನ್ನು ನೋಡಲಿಲ್ಲ, ಹಾಳೆಗಳನ್ನು ಜೋಡಿಸಿ ಪಿನ್ನು ಹೊಡೆಯತೊಡಗಿದಳು. ಒಂದು, ಮತ್ತೊಂದು, ಮತ್ತೊಂದು.

"ಮಗು ಸಣ್ಣದಿದೆ ಅಂತ ಬರೀರಿ ಸಾರ್."